ಸತ್ತವಳ ರಿಪೋರ್ಟು, ಇದ್ದವಳ ಹೆಬ್ಬೆಟ್ಟು

ಲಿಂಗಸುಗೂರಿನಿಂದ ಬಂದ ಉತ್ತರದಲ್ಲಿ ಇದ್ದದ್ದು ಮೂರೇ ಸಾಲು. ಟೈಪ್‌ರೈಟರಿನ ರಿಬ್ಬನ್ ಹಳೆಯದಿತ್ತೇನೋ, ಅಕ್ಷರಗಳ ಹೊಟ್ಟೆಯೆಲ್ಲ ಮಸಿ ತುಂಬಿಕೊಂಡಿತ್ತು. ನೀವು ಕಳಿಸಿದ ಹೆಬ್ಬೆಟ್ಟಿನ ಗುರುತು ನಮ್ಮ ದಾಖಲೆಗೆ ಹೊಂದುವುದಿಲ್ಲ, ನಮ್ಮ ಪಾರ್ಟಿ ಸಹಿ ಮಾಡುವವರು. ಗುರುಗುಂಟಾದ ಗ್ರಾಮಲೆಕ್ಕಿಗರನ್ನು (ತಲಾಠಿ) ವಿಚಾರಿಸಲಾಗಿ, ಸದರಿ ಪಾರ್ಟಿ ಕೆಲವು ವರ್ಷಗಳ ಹಿಂದೆಯೇ ತೀರಿಕೊಂಡಿದ್ದಾರೆಂದು ತಿಳಿದುಬಂದಿದೆ. ಆದ್ದರಿಂದ ಕ್ರೆಡಿಟ್ ರಿಪೋರ್ಟ್ ಕೊಡಲು ವಿಷಾದಿಸುತ್ತೇವೆ.

ಸದರಿ ಪಾರ್ಟಿ ಆ ಹೊತ್ತಿಗೆ ನನ್ನ ಟೇಬಲ್ಲಿನ ಎದುರು ಕುಳಿತು, ಬಸಿಗೆ ಚಹಾ ಸುರುವಿಕೊಂಡು ಊದುತ್ತಿದ್ದಳು.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಸಿಂಧನೂರಿನ ಒಂದು ಬ್ಯಾಂಕಿನಲ್ಲಿ ಅಡ್ವಾನ್ಸಸ್ ಸೆಕ್ಷನ್ನಿನ ಆಫೀಸರ್. ಬ್ರಾಂಚಿಗೆಲ್ಲ ನಾನೊಬ್ಬಳೇ ಹೆಂಗಸು. ಬಳ್ಳಾರಿಯ ಕಾನ್ವೆಂಟಿನಲ್ಲಿ ಕಲಿತು ಬಂದ ನನ್ನ ಇಂಗ್ಲಿಷು ಹೆಡ್ ಆಫೀಸಿಗೆ ಕಾಗದ ಬರೆಯಲು ಚೆನ್ನಾಗಿತ್ತು, ಕೌಂಟರಿನಲ್ಲಿ ಏನೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಈಗಿನಂತೆ ಒಂದು ಬಟನ್ ಒತ್ತಿದರೆ ಮನುಷ್ಯನ ಜಾತಕ ಸ್ಕ್ರೀನಿನ ಮೇಲೆ ಬರುವ ಕಾಲ ಅದಲ್ಲ. ಸಾಲ ಕೇಳಿದವರು ಮೊದಲು ಬೇರೆ ಯಾವ ಬ್ಯಾಂಕಿನಲ್ಲಿ ವ್ಯವಹಾರ ಮಾಡಿದ್ದರೋ ಆ ಬ್ಯಾಂಕಿಗೆ ನಾವು ಕಾಗದ ಬರೆಯಬೇಕು. ಜೊತೆಗೆ ಸಹಿಯ ಮಾದರಿ, ಇಲ್ಲವೆ ಹೆಬ್ಬೆಟ್ಟು ಕಳಿಸಬೇಕು. ಅವರು ತಮ್ಮ ಕಾರ್ಡಿಗೆ ಅದನ್ನು ತಾಳೆ ನೋಡಿ, ಈ ಮನುಷ್ಯ ಹೀಗೆ, ನಡತೆ ಹೀಗೆ, ತಿರುಗಿ ಕಟ್ಟಿದ ರೀತಿ ಹೀಗೆ ಎಂದು ಕಾನ್ಫಿಡೆನ್ಷಿಯಲ್ ಆಗಿ ಬರೆದು ಕಳಿಸುವರು. ಅದೇ ಕ್ರೆಡಿಟ್ ರಿಪೋರ್ಟ್. ಒಬ್ಬರು ಇನ್ನೊಬ್ಬರ ಬಗ್ಗೆ ಕೈಯಾರೆ ಬರೆಯುತ್ತಿದ್ದ ಕಾಗದ. ಆ ಕಾಗದಗಳ ವಾಸನೆ, ಗೋಂದಿನ ರುಚಿ, ಮೇಲಿನ ಅರಗಿನ ಮುದ್ರೆ, ಎಲ್ಲ ಈಗಲೂ ನೆನಪಿಗೆ ಬರುತ್ತವೆ. ಬೇಡವೆಂದರೂ ಬರುತ್ತವೆ.

ಎದುರು ಕೂತವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಬಸ್‌ಸ್ಟ್ಯಾಂಡಿನ ಹಿಂದಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಗಂಡ ತೀರಿ ಎರಡು ವರ್ಷವಾಗಿತ್ತು. ಒಬ್ಬ ಮಗಳೊಂದಿಗೆ ಖಾನಾವಳಿಯ ಹಿಂದಿನ ಖೋಲಿಯಲ್ಲೇ ಇದ್ದಳು. ಖಾನಾವಳಿಯ ಮಾಲಕಿ ಮುದುಕಿಗೆ ಮೊಣಕಾಲು ಕೈಕೊಟ್ಟಿದ್ದವು. ಯುಗಾದಿ ಮುಗಿಸಿ ವಳಕಮದಿನ್ನಿಯ ಮಗಳ ಮನೆಗೆ ಹೋಗಿಬಿಡುವ ಯೋಚನೆ ಅವಳದು. ‘ನೀ ತಗೊಂಡ್ರ ನಿನಗ ಬಿಡ್ತೀನಿ. ಇಲ್ಲಂದ್ರ ಭತ್ತದ ವ್ಯಾಪಾರಿ ಗೋದಾಮಿಗೆ ಕೇಳಾಕತ್ತಾನ’ ಎಂದಿದ್ದಳಂತೆ. ನಾಲ್ಕು ಒಲೆ, ಹಿತ್ತಾಳೆ ಪಾತ್ರೆ, ಬೆಂಚು, ಒಂದು ಖೋಲಿ. ಯುಗಾದಿಯೊಳಗೆ ಸಾಲ ಸಿಕ್ಕರೆ ಇವೆಲ್ಲ ಅವಳಿಗೆ. ಇಲ್ಲದಿದ್ದರೆ ಕೆಲಸವೂ ಹೋಯಿತು, ಸೂರೂ ಹೋಯಿತು.

ಅರ್ಜಿ ತುಂಬಿಸಿಕೊಂಡ ದಿನ ನಗೆಯಾಗಿತ್ತು. ಹೆಸರು ‘ಈರಮ್ಮ’ ಎಂದಳು. ರೇಷನ್ ಕಾರ್ಡಿನಲ್ಲೂ ಹಾಗೇ ಇತ್ತು. ಗಂಡನ ಹೆಸರು ಕೇಳಿದರೆ ಬಾಯಿ ಬಿಡಲಿಲ್ಲ. ತೀರಿಕೊಂಡ ಗಂಡನ ಹೆಸರನ್ನೂ ಈ ಕಡೆಯ ಹೆಣ್ಣುಮಕ್ಕಳು ಹೇಳುವುದಿಲ್ಲ. ಗೋಡೆಯ ಕ್ಯಾಲೆಂಡರಿನ ಕಡೆ ಕೈ ಮಾಡಿ, ‘ಶಿವನ ಮುಂದ ಕುಂತೈತಲ್ರಿ, ಅದರ ಹೆಸರು’ ಎಂದಳು.

‘ನಂದಿ?’ ಎಂದೆ.

‘ನಾವು ಹಂಗ ಅನ್ನಂಗಿಲ್ರಿ.’

ನಮ್ಮ ಜವಾನ ನೀರಿನ ಲೋಟ ಇಡುತ್ತ, ‘ಮೇಡಮ್ಮಾರ, ಬಸಪ್ಪ ಅಂತ ಬರಕೋರಿ. ಇನ್ನೊಂದಿಷ್ಟು ಕೇಳಿದ್ರ ಆಕಿ ಎದ್ದ ಹೋಗ್ತಾಳ’ ಎಂದ. ಅವಳು ಸೆರಗಿನಲ್ಲಿ ನಕ್ಕಳು. ಸಹಿಯೋ ಹೆಬ್ಬೆಟ್ಟೋ ಎಂದಾಗ ಹೆಬ್ಬೆಟ್ಟು ಮುಂದೆ ಮಾಡಿದಳು. ಗುರುಗುಂಟಾದಲ್ಲಿದ್ದಾಗ ಲಿಂಗಸುಗೂರಿನ ಬ್ಯಾಂಕಿನ ಎಮ್ಮೆ ಸಾಲ ಪೂರಾ ತೀರಿಸಿದ್ದಾಗಿಯೂ ಹೇಳಿದಳು. ಹಾಗಾದರೆ ಇದು ಸುಲಭದ ಕೇಸು ಎಂದುಕೊಂಡು ನಾನು ಲಿಂಗಸುಗೂರಿಗೆ ಕಾಗದ ಬರೆದೆ. ಅದಕ್ಕೆ ಬಂದ ಉತ್ತರ ಈ ಮೂರು ಸಾಲು.

ಓದಿ ಹೇಳಿದೆ. ಅವಳು ಬಸಿ ಕೆಳಗಿಟ್ಟಳು.

‘ಖರೇನ ಐತ್ರಿ,’ ಎಂದಳು. ‘ಆಕಿ ನಮ್ಮಕ್ಕ.’

ಅಕ್ಕ ಈರಮ್ಮನನ್ನು ತವರೂರು ಗುರುಗುಂಟಾದಲ್ಲೇ ಒಂದು ಮನೆಗೆ ಕೊಟ್ಟಿದ್ದರು. ಹೆಣ್ಣು ಕೂಸು ಹುಟ್ಟಿ ಹದಿನೈದು ದಿನಕ್ಕೆ ಅಕ್ಕ ತೀರಿಕೊಂಡಳು. ಕೂಸಿನ ಸಲುವಾಗಿ ತಂಗಿಯನ್ನು ಅದೇ ಮನೆಗೆ, ಅದೇ ಗಂಡನಿಗೆ ಕೊಟ್ಟರು. ಹೊಸ ಸೊಸೆಗೆ ಗಂಡನ ಮನೆಯಲ್ಲಿ ಹೊಸ ಹೆಸರಿಡುವ ಪದ್ಧತಿ ಆ ಮನೆಯಲ್ಲಿತ್ತು. ಅಕ್ಕನ ಹೆಸರು ಮನೆದೇವರ ಹೆಸರೇ ಆಗಿದ್ದರಿಂದ ಅದನ್ನು ಬದಲಿಸಿರಲಿಲ್ಲ. ತಂಗಿ ಹೊಸ್ತಿಲ ಮೇಲೆ ನಿಂತಾಗ ಅತ್ತೆ ಅಂದಳಂತೆ: ‘ಹೆಸರು ಮನಿದು. ಸೊಸಿ ಬದಲಾಗ್ಯಾಳ, ಹೆಸರು ಬದಲಾಗೂದು ಬ್ಯಾಡ.’ ಅಂದಿನಿಂದ ಅವಳೇ ಈರಮ್ಮ. ಅಕ್ಕನ ಸೀರೆ, ಅಕ್ಕನ ಕೂಸು, ಅಕ್ಕನ ರೇಷನ್ ಕಾರ್ಡು, ಅಕ್ಕ ತಗೊಂಡಿದ್ದ ಎಮ್ಮೆ, ಎಮ್ಮೆಯ ಮೇಲಿನ ಸಾಲ.

‘ನಿನ್ನ ಹೆಸರು?’ ಎಂದೆ.

‘ಶರಣಮ್ಮ ರೀ,’ ಎಂದಳು. ಎಷ್ಟೋ ದಿನದಿಂದ ಪೆಟ್ಟಿಗೆಯ ತಳದಲ್ಲಿದ್ದ ಬಟ್ಟೆಯನ್ನು ಕೊಡವಿ ತೋರಿಸಿದ ಹಾಗಿತ್ತು.

ಮ್ಯಾನೇಜರು ಮಂಗಳೂರಿನ ಕಡೆಯವರು, ಒಳ್ಳೆಯ ಮನುಷ್ಯ, ಆದರೆ ಇನ್‌ಸ್ಪೆಕ್ಷನ್ ಎಂದರೆ ಹೆದರುವವರು. ಕಾಗದ ನೋಡಿ, ‘ಇದು ಇಂಪರ್ಸನೇಷನ್ ಮೇಡಂ. ಸತ್ತವರ ಹೆಸರಿಗೆ ಸಾಲ ಕೊಟ್ಟರೆ ನಾವಿಬ್ಬರೂ ಮನೆಗೆ ಹೋಗುವುದು. ಬಿಡಿ ಮಾರಾಯ್ರೆ’ ಎಂದರು. ನಾನು ಶರಣಮ್ಮನ ಹೆಸರಿನಲ್ಲಿ ಮತ್ತೊಂದು ಕಾಗದ ಬರೆಯುತ್ತೇನೆಂದೆ. ‘ಸ್ಟಾಂಪು ದಂಡ’ ಎಂದರು, ಆದರೆ ತಡೆಯಲಿಲ್ಲ. ಒಂಬತ್ತನೇ ದಿನಕ್ಕೆ ಉತ್ತರ ಬಂತು. ಈ ಸಲ ಒಂದೇ ಸಾಲು: ಈ ಹೆಸರಿನ ಪಾರ್ಟಿ ನಮ್ಮಲ್ಲಿ ಎಂದೂ ಇರಲಿಲ್ಲ.

ಒಂದು ಹೆಸರಿನವಳು ಸತ್ತಿದ್ದಳು, ಇನ್ನೊಂದು ಹೆಸರಿನವಳು ಹುಟ್ಟೇ ಇರಲಿಲ್ಲ. ತಿಂಗಳು ತಪ್ಪದೆ ಸಾಲ ಕಟ್ಟಿದ ಒಬ್ಬಳು ಹೆಂಗಸು ಇವೆರಡರ ನಡುವೆ ಎಲ್ಲೋ ಕಳೆದುಹೋಗಿದ್ದಳು. ಯುಗಾದಿಗೆ ಇನ್ನು ಹದಿನೆಂಟು ದಿನ ಉಳಿದಿತ್ತು.

ಕಾಗದದಿಂದ ಆಗದ್ದನ್ನು ಕಾಲಿನಿಂದ ಮಾಡಬೇಕು ಎಂದು ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಹೇಳುತ್ತಿದ್ದರು. ಒಂದು ಕ್ಯಾಶುವಲ್ ಲೀವ್ ಹಾಕಿ, ಶರಣಮ್ಮನನ್ನು ಕರೆದುಕೊಂಡು ಬೆಳಗಿನ ಲಿಂಗಸುಗೂರು ಬಸ್ಸು ಹತ್ತಿದೆ. ಊರು ದಾಟುವವರೆಗೆ ಕಾಲುವೆ ನೀರಿನ ಹಸಿರು ಗದ್ದೆ, ರೈಸ್ ಮಿಲ್ಲಿನ ಹೊಟ್ಟಿನ ರಾಶಿ. ಮಸ್ಕಿಯ ಗುಡ್ಡ ಕಾಣುವ ಹೊತ್ತಿಗೆ ಹಸಿರು ಮುಗಿದು ಜೋಳದ ಕೂಳೆ ಉಳಿದ ಕರಿಯ ನೆಲ. ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅವಳು ಬುತ್ತಿ ಬಿಚ್ಚಿ, ಖಡಕ್ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟಳು. ತಿನ್ನುತ್ತ ತಿನ್ನುತ್ತ ಅಕ್ಕನ ಮಾತು ತೆಗೆದಳು.

‘ನಾ ಸಣ್ಣಾಕಿದ್ದಾಗ ನೆಲಕ್ಕ ಕಾಲ ಇಟ್ಟಿದ್ದ ಗೊತ್ತಿಲ್ರಿ ನನಗ. ಯಾವಾಗ್ಲೂ ಆಕಿ ಬಗಲಾಗ. ಆಕಿಗೆ ಎರಡ ವರ್ಸ ನನಗಿಂತ ಹೆಚ್ಚಿಗಿ ಅಷ್ಟ. ಆಕೀನ ಕೂಸು, ಕೂಸಿನ ಬಗಲಾಗ ಇನ್ನೊಂದು ಕೂಸು.’

‘ಜಗಳ ಆಡ್ತಿರಲಿಲ್ವಾ?’

‘ಅಯ್ಯ, ಆಡ್ತಿದ್ದಿವ್ರಿ! ಜಡಿ ಹಿಡದ ಎಳದಾಡ್ತಿದ್ದಿವಿ. ಈಗ ಯಾರ ಕೂಡ ಆಡ್ಲಿ? ಆಕಿ ಹೆಸರು ಹಿಡದು ಬೈಬೇಕಂದ್ರ ನನಗ ನಾನ ಬೈಕೊಂಡಂಗ ಆಗತೈತಿ.’

ನಾನು ಒಬ್ಬಳೇ ಮಗಳು. ಬೋರ್ಡಿಂಗಿನಲ್ಲಿ ಮೂವತ್ತು ಹುಡುಗಿಯರ ನಡುವೆ ಬೆಳೆದೆ. ದಿನಕ್ಕೆ ನೂರು ಸಲ ನನ್‌ಗಳನ್ನು ‘ಸಿಸ್ಟರ್’ ಎಂದು ಕರೆದಿದ್ದೇನೆ, ಆದರೆ ಜಡೆ ಹಿಡಿದು ಎಳೆಯುವಂಥ ಒಬ್ಬಳು ನನ್ನ ಪಾಲಿಗೆ ಇರಲಿಲ್ಲ. ಕಿಟಕಿಯ ಆಚೆ ನೋಡುತ್ತ ಕೂತೆ. ಕಳೆದುಕೊಳ್ಳುವುದಕ್ಕಾದರೂ ಅವಳಿಗೊಬ್ಬಳು ಇದ್ದಳಲ್ಲ ಎಂದು ಹೊಟ್ಟೆಕಿಚ್ಚಾಯಿತು. ನಾಚಿಕೆಯ ಮಾತು, ಆದರೆ ಆದದ್ದು ಹಾಗೆ.

ಲಿಂಗಸುಗೂರಿನ ಆಫೀಸರು ನಲವತ್ತರ ಆಸುಪಾಸಿನ ಗಂಭೀರ ಮನುಷ್ಯ. ಮೂರು ಸಾಲಿನ ಕಾಗದಕ್ಕೆ ಸಹಿ ಹಾಕಿದ್ದವರು ಅವರೇ. ನಾನು ನನ್ನ ಗುರುತು ಹೇಳಿ, ಹಳೆಯ ಕಾಗದಪತ್ರ ನೋಡಬಹುದೇ ಎಂದೆ. ಅವರು ಒಲ್ಲದ ಮನಸ್ಸಿನಿಂದಲೇ ರೆಕಾರ್ಡ್ ರೂಮಿನಿಂದ ಕಟ್ಟು ತರಿಸಿದರು. ಖಾತೆ ತೆರೆದ ಕಾರ್ಡಿನ ಮೇಲೆ ದುಂಡಗಿನ, ಮಕ್ಕಳು ಬರೆದಂಥ ಸಹಿ: ಈರಮ್ಮ. ಸಾಲದ ಪತ್ರದ ಮೇಲೂ ಅದೇ. ಹಾಲಿನ ಸೊಸೈಟಿಯ ಹಣ ಈ ಖಾತೆಗೆ ಬರುತ್ತಿತ್ತು. ಅದರಿಂದ ತಿಂಗಳು ತಿಂಗಳು ತೆಗೆದು ಎಮ್ಮೆಯ ಕಂತು ಕಟ್ಟಿದ ಸ್ಲಿಪ್ಪುಗಳನ್ನು ಒಂದೊಂದಾಗಿ ಮಗುಚಿದೆ. ಮೊದಲ ನಾಲ್ಕರ ಮೇಲೆ ಸಹಿ. ಎರಡು ತಿಂಗಳು ಏನೂ ಇಲ್ಲ. ಐದನೆಯದರಿಂದ ಕೊನೆಯ ಸ್ಲಿಪ್ಪಿನವರೆಗೆ ಹೆಬ್ಬೆಟ್ಟು.

ಹೆಬ್ಬೆಟ್ಟು ಒತ್ತುತ್ತಿದ್ದವರು ಮುಂದೆ ಸಹಿ ಕಲಿಯುವುದನ್ನು ನನ್ನ ಸರ್ವೀಸಿನಲ್ಲಿ ಎಷ್ಟೋ ಸಲ ಕಂಡಿದ್ದೆ. ಸಹಿ ಬಲ್ಲವರು ಹೆಬ್ಬೆಟ್ಟಿಗೆ ಇಳಿದದ್ದನ್ನು ಕಂಡಿರಲಿಲ್ಲ. ಇಬ್ಬರು ಹೆಂಗಸರ ನಡುವಿನ ಗೆರೆ ಅಲ್ಲೇ, ಆ ಎರಡು ತಿಂಗಳ ಖಾಲಿ ಜಾಗದಲ್ಲಿ ಇತ್ತು. ಆ ಬ್ಯಾಂಕಿನಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಪ್ರತಿ ಹೆಬ್ಬೆಟ್ಟಿನ ಕೆಳಗೆ ‘ಗುರುತಿಸಿದವರು’ ಎಂದು ಬರೆದು ಒಬ್ಬ ಕ್ಯಾಶಿಯರು ಸಹಿ ಮಾಡಿದ್ದ.

ಆಫೀಸರ ಮುಖದ ಬಣ್ಣ ಹೋಯಿತು. ಆ ಸಹಿ ಅವರದೇ. ಆಗ ಅವರು ಅಲ್ಲಿ ಕ್ಯಾಶಿಯರು. ಈಗ ಪ್ರಮೋಷನ್ ಮೇಲೆ ಅದೇ ಬ್ರಾಂಚಿಗೆ ಮರಳಿ ಬಂದಿದ್ದರು.

ಹೊರಗೆ ಬೆಂಚಿನ ಮೇಲಿದ್ದ ಶರಣಮ್ಮನನ್ನು ಕರೆದೆ. ಅವಳು ತಲೆಯ ಮೇಲಿನ ಸೆರಗು ಸರಿಸಿ ನೋಡಿದಳು.

‘ಸಾಹೇಬ್ರ, ಕೂದಲಾ ಬೆಳ್ಳಗಾಗ್ಯಾವಲ್ರಿ ನಿಮ್ದು!’

‘ಯವ್ವಾ, ನೀನೇನು? ಹಾಲಿನ ಈರಮ್ಮ!’ ಎಂದವರು ಅಲ್ಲಿಗೇ ನಿಲ್ಲಿಸಿದರು. ತಾವು ಸತ್ತಿದ್ದಾಳೆಂದು ಬರೆದವಳು ಇವಳೇ ಎಂದು ಅವರಿಗೆ ಹೊಳೆದಿತ್ತು. ತಿಂಗಳಿಗೊಮ್ಮೆ ಸಂತೆಯ ದಿನ ತಪ್ಪದೆ ಬರುತ್ತಿದ್ದಳು ಎಂದು ನನ್ನ ಕಡೆ ತಿರುಗಿ ಹೇಳಿದರು. ಮೊದಲ ದಿನ ಪಾಸ್‌ಬುಕ್ ಹಿಡಿದು ಬಂದಾಗ ತಲೆ ತುಂಬ ಸೆರಗಿತ್ತು, ಹೆಸರು ಕೇಳಿದೆ, ಈರಮ್ಮ ಎಂದಳು, ಹೆಬ್ಬೆಟ್ಟು ಒತ್ತಿದಳು, ನಾನು ಕಾರ್ಡು ನೋಡಲಿಲ್ಲ, ಎಂದರು. ಒಮ್ಮೆ ನೋಡದ್ದನ್ನು ಆಮೇಲೆ ಯಾರು ನೋಡುತ್ತಾರೆ?

ನಂತರ ಬಾಗಿಲು ಅರೆ ಮುಚ್ಚಿ, ದನಿ ತಗ್ಗಿಸಿ, ಉಪಾಯ ಹೇಳಿದರು. ಕೋರ್ಟಿನ ಮುಂದೆ ಹತ್ತು ನಿಮಿಷದ ಕೆಲಸ. ಈರಮ್ಮ ಉರ್ಫ್ ಶರಣಮ್ಮ, ಇಬ್ಬರೂ ಒಬ್ಬಳೇ ಎಂದು ಒಂದು ಅಫಿಡವಿಟ್. ತಲಾಠಿಯ ಮಾತು ಯಾರೋ ಬೇರೆ ಈರಮ್ಮನದು ಎಂದಾಗುತ್ತದೆ. ‘ನಾ ಇವತ್ತ ರಿಪೋರ್ಟ್ ಬರದ ಕೊಡ್ತೀನಿ ಮೇಡಂ. ಫಸ್ಟ್ ಕ್ಲಾಸ್ ರಿಪೋರ್ಟ್. ಎಲ್ಲಾರಿಗೂ ಚಲೋ.’

ಎಲ್ಲರಿಗೂ ಒಳ್ಳೆಯದೇ ಆಗಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಅವರ ತಪ್ಪು ಮುಚ್ಚಿಹೋಗುತ್ತಿತ್ತು, ನನ್ನ ಫೈಲು ಮುಗಿಯುತ್ತಿತ್ತು, ಖಾನಾವಳಿ ಉಳಿಯುತ್ತಿತ್ತು. ನಾನು ಒಪ್ಪಿದೆ.

ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಟೈಪಿಸ್ಟನೊಬ್ಬ ಸ್ಟಾಂಪ್ ಪೇಪರ್ ಏರಿಸಿ ಟಕಟಕ ಹೊಡೆದ. ಮುಗಿಸಿ, ರೂಢಿಯಂತೆ ದೊಡ್ಡದಾಗಿ ಓದಿದ: ‘ಈರಮ್ಮ ಮತ್ತು ಶರಣಮ್ಮ ಎಂಬ ಎರಡೂ ಹೆಸರುಗಳು ನನ್ನವೇ ಆಗಿದ್ದು, ಈ ಇಬ್ಬರೂ ಒಬ್ಬರೇ ವ್ಯಕ್ತಿಯಾಗಿರುತ್ತಾರೆಂದು ಸತ್ಯವಾಗಿ ಪ್ರಮಾಣೀಕರಿಸುತ್ತೇನೆ.’

ಇಂಕ್ ಪ್ಯಾಡಿನ ಹತ್ತಿರ ಹೋಗಿದ್ದ ಶರಣಮ್ಮನ ಕೈ ಹಿಂದೆ ಬಂತು.

‘ಇದಕ್ಕ ನಾ ಒತ್ತಂಗಿಲ್ರಿ.’

ಟೈಪಿಸ್ಟ್ ನಕ್ಕ. ‘ಯಾಕವ್ವಾ? ದಿನಾ ಹತ್ತು ಮಂದಿ ಒತ್ತತಾರ. ಇನ್ನೂ ತನಕ ಒಬ್ಬರ ಬಟ್ಟೂ ಉದರಿಲ್ಲ.’

‘ಇಬ್ರೂ ಒಬ್ಬಾಕಿನ ಅಂತ ಬರದೀರಿ. ಹಂಗಾರ ನಮ್ಮಕ್ಕ ಅನ್ನಾಕಿ ಇರಲೇ ಇಲ್ಲೇನ್ರಿ? ನನ್ನ ಹೊತಗೊಂಡು ತಿರಗಿದಾಕಿ ಯಾರು? ಕೂಸು ಹಡದು ಸತ್ತಾಕಿ ಯಾರು?’

‘ಶರಣಮ್ಮ, ಇದು ಬರೀ ಪೇಪರ್,’ ಎಂದೆ. ಸಿಟ್ಟು ಬಂದಿತ್ತು. ಬಿಸಿಲು, ಲೀವು, ಬಸ್ಸಿನ ಧೂಳು. ‘ನಿನ್ನ ಮನಸ್ಸಿನಾಗಿರೋ ಅಕ್ಕನ್ನ ಯಾರೂ ಕಸ್ಕೊಳ್ಳಲ್ಲ. ಖಾನಾವಳಿ ಬೇಕಾ, ಬ್ಯಾಡವಾ?’

‘ಬೇಕ್ರಿ ಮೇಡಮ್ಮಾರ.’ ಅವಳ ಕಣ್ಣು ತುಂಬಿದ್ದವು, ಮಾತು ಅಲುಗಲಿಲ್ಲ. ‘ಅತ್ತಿ ನನ್ನ ಹೆಸರು ಕಸಗೊಂಡ್ಲು, ಕೊಟ್ಟೆ. ಮನಿ ಮಾತದು. ಸರಕಾರದ ಕಾಗದದಾಗ ಆಕಿ ಸತ್ತಾಳ ಅಂತಾದ್ರೂ ಐತಿ. ಸತ್ತಾಳ ಅಂದ್ರ ಇದ್ಲು ಅಂತ ಅರ್ಥ ಅಲ್ರೀ? ಅದೊಂದ ಉಳದೈತಿ ಆಕೀದು. ಅದನ್ನ ನಾ ಅಳಸಂಗಿಲ್ರಿ.’

ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಎಂದು ಒಂದು ಪೀರಿಯಡ್ ಇರುತ್ತಿತ್ತು. ಸುಳ್ಳು ಹೇಳಬಾರದು ಎಂದು ಹಲವು ವರ್ಷ ಕಾಪಿ ಬರೆದಿದ್ದೇನೆ. ಸುಳ್ಳಿನಿಂದ ಸತ್ತವರಿಗೂ ನೋವಾಗುತ್ತದೆ ಎಂದು ಆ ಪುಸ್ತಕದಲ್ಲಿ ಇರಲಿಲ್ಲ. ಟೈಪಿಸ್ಟನಿಗೆ ಕೊಡಬೇಕಾದ್ದು ಕೊಟ್ಟು, ಸ್ಟಾಂಪ್ ಪೇಪರನ್ನು ನಾಲ್ಕಾಗಿ ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ‘ನಡಿ, ಗುರುಗುಂಟಾಕ್ಕೆ ಹೋಗೋಣ,’ ಎಂದೆ. ಅಕ್ಕ ಇದ್ದಳು ಎನ್ನಲು ಮರಣದ ದಾಖಲೆಯಿದೆ. ತಂಗಿ ಇದ್ದಾಳೆ ಎನ್ನಲು ಎಲ್ಲಿಯಾದರೂ ಒಂದು ಗೆರೆ ಇರಲೇಬೇಕಲ್ಲ!

ಗುರುಗುಂಟಾದ ಶಾಲೆಯ ಹೆಡ್‌ಮಾಸ್ತರು ಟ್ರಂಕಿನಿಂದ ಕೆಂಪು ಬಟ್ಟೆ ಸುತ್ತಿದ ದಾಖಲಾತಿ ರಿಜಿಸ್ಟರ್ ತೆಗೆದರು. ಹುಳ ತಿಂದ ಅಂಚು. ವರ್ಷ ಅಂದಾಜು ಮಾಡಿ ಒಂದೊಂದೇ ಹಾಳೆ ತಿರುವಿದರು. ಅರ್ಧ ಗಂಟೆಯ ಮೇಲೆ ಅವರ ಬೆರಳು ನಿಂತಿತು. ಒಂದರ ಕೆಳಗೊಂದು ಎರಡು ಸಾಲು: ಈರಮ್ಮ, ಶರಣಮ್ಮ. ತಂದೆ ಒಬ್ಬನೇ. ಶಾಲೆಗೆ ಸೇರಿದ ದಿನವೂ ಒಂದೇ.

‘ಎರಡು ವರ್ಷದ ಫರಕ್ ಐತಲ್ಲಾ, ಒಂದೇ ದಿನ ಹೆಂಗ?’ ಎಂದೆ.

‘ಮನ್ಯಾಗ ನನ್ನ ಯಾರು ನೋಡ್ಕೋಬೇಕ್ರಿ? ನಾ ಸಾಲಿಗೆ ಹೋಗೂವಷ್ಟು ಆಗೂತನಾ ಆಕೀನೂ ಹೋಗ್ಲಿಲ್ಲ. ಕಡೀಕ ಇಬ್ರನ್ನೂ ಕೂಡೇ ಹಚ್ಚಿದ್ರು.’

ಅವಳು ಆ ಎರಡು ಸಾಲಿನ ಮೇಲೆ ಬಗ್ಗಿ ನಿಂತಳು. ಮುಟ್ಟಲಿಲ್ಲ. ಇಬ್ಬರೂ ಒಟ್ಟಿಗೆ ಇರುವ ಜಾಗ ಭೂಮಿಯ ಮೇಲೆ ಅದೊಂದೇ ಇತ್ತೆಂದು ಕಾಣುತ್ತದೆ. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ.

ಹೆಡ್‌ಮಾಸ್ತರು ಸರ್ಟಿಫಿಕೇಟ್ ಬರೆದು ಸೀಲು ಹೊಡೆದು, ‘ಮುಟ್ಟಿತು ಅಂತ ಇಲ್ಲಿ ಸಹಿ ಮಾಡವ್ವಾ’ ಎಂದು ಪೆನ್ನು ಮುಂದೆ ಹಿಡಿದರು. ಹೆಬ್ಬೆಟ್ಟು ಎಂದು ನಾನು ಹೇಳುವಷ್ಟರಲ್ಲಿ ಅವಳು ಪೆನ್ನು ತಗೊಂಡು, ನಾಲಿಗೆ ಹೊರಗಿಟ್ಟು, ಒಂದೊಂದೇ ಅಕ್ಷರ ಬಿಡಿಸಿದಳು: ಶರಣಮ್ಮ.

‘ನಿನಗ ಸಹಿ ಬರ್ತದಾ?’

‘ನಾಕನೇತ್ತ ಪಾಸ್ ಅದೀನ್ರಿ.’

‘ಮತ್ತ ಬ್ಯಾಂಕಿನಾಗ ಹೆಬ್ಬೆಟ್ಟು ಯಾಕ ಒತ್ತಿದಿ? ಇಷ್ಟೂ ವರ್ಷ? ನನ್ನ ಮುಂದೂ ಒತ್ತಿದೆಲ್ಲ!’

‘ಅಲ್ಲೆಲ್ಲ ಆಕಿ ಹೆಸರು ಬರೀಬೇಕಿತ್ತಲ್ರಿ. ಆಕಿ ಹೆಸರು ನನ್ನ ಕೈಲೆ ಬರದ್ರ ಸುಳ್ಳಾಗತೈತಿ. ಬಟ್ಟು ನಂದ. ಅದು ಯಾರ ಹೆಸರಿನ ಕೆಳಗ ಒತ್ತಿದ್ರೂ ನಂದ.’

ಅದನ್ನು ಅವಳು ಲಿಂಗಸುಗೂರಿನಲ್ಲಿ ಮತ್ತೊಮ್ಮೆ, ಆಫೀಸರ ಎದುರಿಗೂ ಹೇಳಿದಳು. ಸಂಜೆಯ ಕ್ಯಾಶ್ ಟ್ಯಾಲಿ ನಡೆದಿತ್ತು. ಸರ್ಟಿಫಿಕೇಟನ್ನೂ, ಮಡಿಸಿದ ಅಫಿಡವಿಟನ್ನೂ ಅವರ ಮುಂದಿಟ್ಟು, ‘ಸರ್, ಇದಕ್ಕೆ ಅವಳು ಒತ್ತಲಿಲ್ಲ. ನಿಜ ಬರೆದುಕೊಡಿ ಅಂತ ಕೇಳೋ ಹಕ್ಕು ನನಗಿಲ್ಲ, ನಿಮ್ಮ ಸರ್ವೀಸಿನ ಪ್ರಶ್ನೆ’ ಎಂದೆ. ಅವರು ಸ್ಲಿಪ್ಪುಗಳ ಕಟ್ಟನ್ನು ಬಹಳ ಹೊತ್ತು ತಿರುವಿದರು. ತಮ್ಮದೇ ಸಹಿಗಳನ್ನು ನೋಡುತ್ತಿದ್ದರು ಎನಿಸುತ್ತದೆ.

‘ಗುರುತಿಸಿದವರು ಅಂತ ಮೂವತ್ತೊಂದು ಸಲ ಬರದೀನಿ ಮೇಡಂ,’ ಎಂದರು ಕೊನೆಗೆ. ‘ಒಂದು ಸಲಾನೂ ಗುರುತಿಸಿರಲಿಲ್ಲ. ಈಗಾದ್ರೂ ಗುರುತಸ್ತೀನಿ.’

ಟೈಪಿಸ್ಟಿಗೂ ಕೊಡದೆ ತಾವೇ ಕೈಯಲ್ಲಿ ಬರೆದರು. ಖಾತೆದಾರಳು ಇಂಥ ತಿಂಗಳು ತೀರಿಕೊಂಡಿದ್ದು ನಮ್ಮ ಗಮನಕ್ಕೆ ಬಂದಿರಲಿಲ್ಲ. ತದನಂತರ ಆಕೆಯ ತಂಗಿ ಶರಣಮ್ಮ, ಅದೇ ಹೆಸರಿನಿಂದ ಕರೆಯಲ್ಪಡುತ್ತ, ತನ್ನ ದುಡಿಮೆಯ ಹಾಲಿನ ಹಣದಿಂದ ಮೂವತ್ತೊಂದು ಕಂತುಗಳನ್ನು ಒಂದೂ ತಪ್ಪದೆ ಕಟ್ಟಿ ಸಾಲ ತೀರಿಸಿದ್ದಾರೆ. ಕಾರ್ಡು ಪರಿಶೀಲಿಸದೆ ಗುರುತಿಸಿದ್ದು ಆಗ ಕ್ಯಾಶಿಯರ್ ಆಗಿದ್ದ ನನ್ನ ಲೋಪ. ಈ ದಿನ ನನ್ನೆದುರು ಹಾಜರಿರುವವರು ಅವರೇ. ನಡತೆ: ಅತ್ಯುತ್ತಮ.

ಅದಕ್ಕಾಗಿ ಅವರಿಂದ ಎಕ್ಸ್‌ಪ್ಲನೇಷನ್ ಕೇಳಿದರೆಂದೂ, ಒಂದು ಇನ್‌ಕ್ರಿಮೆಂಟ್ ತಡೆದರೆಂದೂ ಆಮೇಲೆ ತಿಳಿಯಿತು. ನಾನು ಕಾಗದ ಬರೆದು ಕ್ಷಮೆ ಕೇಳಿದೆ. ಉತ್ತರ ಬರಲಿಲ್ಲ. ಆ ಬ್ರಾಂಚಿನಿಂದ ಯಾವ ಲಕೋಟೆ ಬಂದರೂ ಬಹಳ ದಿನ ಮೊದಲು ಕೈಬರಹ ನೋಡುತ್ತಿದ್ದೆ.

ನಮ್ಮ ಮ್ಯಾನೇಜರು ಎಲ್ಲವನ್ನೂ ಎರಡು ಸಲ ಓದಿದರು. ‘ಫಾರ್ಮಿನಲ್ಲಿ ಹೆಸರಿಗೆ ಒಂದೇ ಗೆರೆ ಉಂಟು ಮೇಡಂ. ನೀವು ಒಂದು ಸಂಸಾರವನ್ನೇ ತಂದಿದ್ದೀರಿ.’

‘ಸರ್, ಗೆರೆಯಲ್ಲಿ ಶರಣಮ್ಮ ಅಂತ ಬರೀತೀನಿ. ಉಳಿದದ್ದು ಬೇರೆ ನೋಟು. ನೋಟಿಗೆ ನನ್ನ ಸಹಿ.’

‘ರೀಜನಲ್ ಆಫೀಸಿನವರು ಬೈದರೆ?’

‘ನನಗೆ ಬೈತಾರೆ.’

ಅವರು ಕನ್ನಡಕ ತೆಗೆದು ಒರೆಸಿದರು. ‘ಅವಳ ಶೇಂಗಾ ಚಟ್ನಿ ನಾನೂ ತಿಂದಿದ್ದೇನೆ ಮಾರಾಯ್ರೆ,’ ಎಂದು ನನ್ನ ಸಹಿಯ ಪಕ್ಕದಲ್ಲಿ ತಮ್ಮದನ್ನೂ ಹಾಕಿದರು.

ರೀಜನಲ್ ಆಫೀಸಿನಿಂದ ಮೊದಲು ಒಂದು ಪ್ರಶ್ನೆ ಬಂತು, ಅದಕ್ಕೆ ಉತ್ತರ ಕೊಟ್ಟೆವು. ಮತ್ತೊಂದು ಬಂತು. ಯುಗಾದಿಯ ಬೇವು ಬೆಲ್ಲ ಮುಗಿಯಿತು. ಸಾಲ ಮಂಜೂರಾಗಿ ಬಂದದ್ದು ಹಬ್ಬದ ಮೇಲೆ ಐದನೇ ದಿನ. ನಾನೇ ಓಡಿದೆ. ಮಾಲಕಿ ಮುದುಕಿ ಗಂಟು ಕಟ್ಟಿಕೊಂಡು ಖಾನಾವಳಿಯ ಕಟ್ಟೆಯ ಮೇಲೆ ಕೂತಿದ್ದಳು. ಭತ್ತದ ವ್ಯಾಪಾರಿ ಎರಡು ಸಲ ಬಂದು ಹೋಗಿದ್ದನಂತೆ.

‘ಪಂಚಾಂಗದಾಗ ಈ ವಾರ ಪ್ರಯಾಣಕ್ಕ ಚಲೋ ಇಲ್ಲಂತ ಹೇಳಿ ಕುಂತೀನಿ,’ ಎಂದಳು. ‘ಪಂಚಾಂಗ ಓದಾಕ ಬರೂದಿಲ್ಲ ನನಗ. ವ್ಯಾಪಾರಸ್ತಗ ಅದು ಗೊತ್ತಿಲ್ಲ.’

ಸಾಲದ ಪತ್ರಕ್ಕೆ ಶರಣಮ್ಮ ಸಹಿ ಮಾಡಿದಳು, ಏಳು ಕಡೆ. ಏಳೂ ಸಲ ನಾಲಿಗೆ ಹೊರಗಿತ್ತು. ಜವಾನ ಇಂಕ್ ಪ್ಯಾಡು ತಂದಿಟ್ಟು, ಸುಮ್ಮನೆ ವಾಪಸ್ಸು ತಗೊಂಡು ಹೋದ.

ಹದಿನೈದು ದಿನದ ಮೇಲೆ ಊಟಕ್ಕೆಂದು ಹೋದೆ. ಗೋಡೆಗೆ ಸುಣ್ಣ ಬಳಿಸಿದ್ದಳು. ಬಾಗಿಲ ಮೇಲೆ ನೀಲಿ ಬಣ್ಣದ ಹೊಸ ಬೋರ್ಡು: ಈರಮ್ಮನ ಖಾನಾವಳಿ.

ಹೊರಗಿನ ಬೆಂಚಿನ ಮೇಲೆ ಕೂತೆ. ಅವಳು ರೊಟ್ಟಿ ಹಾಕಲು ಬಂದಾಗ ಕೇಳಿಯೇಬಿಟ್ಟೆ. ‘ನಿನ್ನ ಹೆಸರಿಗೋಸ್ಕರ ಅಷ್ಟು ಬಡಿದಾಡಿದೆವಲ್ಲೇ ಶರಣಮ್ಮ. ಒಬ್ಬರ ಇನ್‌ಕ್ರಿಮೆಂಟ್ ಹೋಯ್ತು. ಮತ್ತ ಬೋರ್ಡಿಗೆ ಇದೇನು?’

‘ನನ್ನ ಹೆಸರು ನಿಮ್ಮ ಬುಕ್ಕಿನ್ಯಾಗ ಐತಲ್ರೀ ಅಕ್ಕಾರ,’ ಎಂದಳು. ಮೇಡಮ್ಮಾರ ಎನ್ನುತ್ತಿದ್ದವಳು ಹಾಗೆಂದದ್ದು ಅದೇ ಮೊದಲು. ‘ಆಕೀದು ಎಲ್ಲಿಡ್ಲಿ?’

ಒಳಗಿನಿಂದ ಯಾರೋ ಲಾರಿ ಡ್ರೈವರು, ‘ಈರಮ್ಮಾ, ಇನ್ನೊಂದು ರೊಟ್ಟಿ’ ಎಂದು ಕೂಗಿದ. ಅವಳು ತಿರುಗಿ ನೋಡಿದಳು, ತಕ್ಷಣ ‘ಬಂದೆ’ ಎನ್ನಲಿಲ್ಲ. ಒಂದು ಗಳಿಗೆ ಕಿವಿಗೊಟ್ಟು ನಿಂತಳು.

ಮೂರು ವರ್ಷಕ್ಕೆ ನನಗೆ ವರ್ಗವಾಯಿತು. ತೊಂಬತ್ತರ ದಶಕದ ನಡುವೆ ಒಮ್ಮೆ ಇನ್‌ಸ್ಪೆಕ್ಷನ್ನಿಗೆಂದು ಸಿಂಧನೂರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಹಿಂದೆ ಬೋರ್ಡಿನ ನೀಲಿ ಮಾಸಿತ್ತು, ಒಲೆಗಳು ಆರಾಗಿದ್ದವು. ಅಕ್ಕನ ಮಗಳು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಳು. ಆಮೇಲೆ ನಾನು ಹೋಗಿಲ್ಲ. ಈಗ ಹೋಗುವ ಶಕ್ತಿಯೂ ಇಲ್ಲ. ಈ ವಯಸ್ಸಿನಲ್ಲಿ ನನ್ನನ್ನು ಅಕ್ಕಾ ಎನ್ನುವವರು ಯಾರೂ ಉಳಿದಿಲ್ಲ. ಮಧ್ಯಾಹ್ನ ಎಲ್ಲೋ ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಕೈಯಲ್ಲಿದ್ದ ಪೇಪರ್ ಕೆಳಗಿಡುತ್ತೇನೆ. ಅವತ್ತು ರೊಟ್ಟಿ ಬುಟ್ಟಿ ಸೊಂಟಕ್ಕೇರಿಸಿಕೊಂಡು ಒಳಗೆ ಹೋಗುವ ಮುನ್ನ ಅವಳು ಹೇಳಿದ ಮಾತು ಆಗ ಹತ್ತಿರ ಬರುತ್ತದೆ:

‘ದಿನಾ ನೂರು ಮಂದಿ ಆಕಿ ಹೆಸರು ಹಿಡದು ಕರೀತಾರ್ರಿ ಅಕ್ಕಾರ. ಕರದಾಗೊಮ್ಮೆ, ಒಳಗ ಒಲಿ ಮುಂದ ಆಕಿ ಕುಂತಾಳ, ಈಗ ಎದ್ದು ಬರ್ತಾಳ ಅನಸತೈತಿ. ನಾ ಒಂಚೂರು ತಡದು ಹೋಗ್ತೀನಿ.’